ಬುಧವಾರ ಬರುವ ಪುಸ್ತಕ, ಮೂರು ತಿಂಗಳ ಮೊದಲೇ ಶುರುವಾಗುವ ಜಗಳ

ಅಮೆರಿಕಕ್ಕೆ ಓದೋಕೆ ಬಂದು, ಕ್ಯಾಂಪಸ್ ಹತ್ತಿರದ ಕಾಮಿಕ್ಸ್ ಅಂಗಡಿಗೆ ಮೊದಲ ಸಲ ಕಾಲಿಟ್ಟ ನಮ್ಮವರಿಗೆ ಒಂದು ವಿಷಯ ಬೇಗ ಅರ್ಥ ಆಗುವುದಿಲ್ಲ. ಅಲ್ಲಿ ನಾಲ್ಕು ಜನ ನಿಂತು ಒಂದು ಸಂಚಿಕೆಯ ಬಗ್ಗೆ ಜೋರಾಗಿ ಜಗಳ ಆಡುತ್ತಿರುತ್ತಾರೆ. ಒಬ್ಬರು ಬರಹಗಾರನಿಗೆ ಶಾಪ ಹಾಕುತ್ತಾರೆ, ಇನ್ನೊಬ್ಬರು ಇದು ಅದ್ಭುತ ಅಂತಾರೆ. ಸರಿ, ಆ ಪುಸ್ತಕ ಎಲ್ಲಿದೆ, ನಾವೂ ಓದೋಣ ಅಂತ ಕೇಳಿದರೆ, ಅದು ಇನ್ನೂ ಅಚ್ಚೇ ಆಗಿಲ್ಲ! ಬರೋದು ಮುಂದಿನ ತಿಂಗಳೋ, ಅದರ ಮುಂದಿನ ತಿಂಗಳೋ.

ಕನ್ನಡ ಸಿನಿಮಾದ ಟೀಸರ್ ನೋಡಿ ಜಗಳ ಆಡಿದ ಅನುಭವ ನಮಗೆಲ್ಲ ಇದ್ದೇ ಇದೆ. ಆದರೆ ಅಲ್ಲಿ ಜಗಳ ಆಡಿದರೂ ಬಿಟ್ಟರೂ ಸಿನಿಮಾ ಬಿಡುಗಡೆ ಆಗುತ್ತದೆ, ಟಿಕೆಟ್ ಆಮೇಲೆ ತಗೊಂಡರೆ ಆಯ್ತು. ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಹಾಗಲ್ಲ. ಪುಸ್ತಕ ಅಂಗಡಿಗೆ ಬರುವ ಹೊತ್ತಿಗೆ ಅದರ ಹಣೆಬರಹ ಹೆಚ್ಚುಕಡಿಮೆ ಬರೆದು ಮುಗಿದಿರುತ್ತದೆ. ಅಭಿಮಾನಿಗಳು ಓದುವ ಮೊದಲೇ ಕೂಗಾಡುವುದು ಬರೀ ಅವಸರದಿಂದ ಅಲ್ಲ, ಈ ವ್ಯಾಪಾರ ಅವರನ್ನು ಹಾಗೆ ಕೂಗಾಡೋ ಜಾಗದಲ್ಲೇ ನಿಲ್ಲಿಸಿದೆ. ಅದು ಹೇಗೆ ಅಂತ ಈ ಬರಹದಲ್ಲಿ ಬಿಡಿಸಿ ಹೇಳುವ ಪ್ರಯತ್ನ ಮಾಡಿದ್ದೇವೆ.

ಮಾರ್ವೆಲ್, ಡಿಸಿ ಮತ್ತು ಇತರ ಪ್ರಕಾಶಕರು ಪ್ರತಿ ತಿಂಗಳೂ ಒಂದು ಪಟ್ಟಿ ಹೊರಡಿಸುತ್ತಾರೆ. ಇದಕ್ಕೆ ಸಾಲಿಸಿಟೇಷನ್ ಅಂತ ಹೆಸರು. ಸುಮಾರು ಮೂರು ತಿಂಗಳ ನಂತರ ಬರಲಿರುವ ಪ್ರತಿಯೊಂದು ಸಂಚಿಕೆಯ ಹೆಸರು, ಬರೆದವರು, ಚಿತ್ರ ಬಿಡಿಸಿದವರು, ಮುಖಪುಟ, ಬೆಲೆ, ದಿನಾಂಕ, ಜೊತೆಗೆ ಕಥೆಯ ಬಗ್ಗೆ ನಾಲ್ಕು ಸಾಲು ಅದರಲ್ಲಿರುತ್ತವೆ. ಆ ನಾಲ್ಕು ಸಾಲು ಒಂದು ವಿಚಿತ್ರ ಸಾಹಿತ್ಯ ಪ್ರಕಾರ. ಕಥೆ ಹೇಳಲೂ ಬೇಕು, ಹೇಳಬಾರದು ಕೂಡ. "ಇನ್ನು ಮುಂದೆ ಯಾವುದೂ ಮೊದಲಿನಂತೆ ಇರುವುದಿಲ್ಲ" ಎಂಬ ಧಾಟಿಯ ಮಾತು ಪ್ರತಿ ತಿಂಗಳೂ ಯಾವುದಾದರೂ ಒಂದು ಪುಸ್ತಕಕ್ಕೆ ಅಂಟಿಕೊಂಡೇ ಇರುತ್ತದೆ. ದೊಡ್ಡ ಗುಟ್ಟಿದ್ದರೆ ಮುಖಪುಟವನ್ನೇ ಕಪ್ಪು ಮಾಡಿ ಬಿಡುವುದೂ ಉಂಟು.

ಈ ಪಟ್ಟಿ ನೋಡಿ ಅಂಗಡಿಯವರು ಎಷ್ಟು ಪ್ರತಿ ಬೇಕು ಅಂತ ಆರ್ಡರ್ ಕೊಡುತ್ತಾರೆ. ಪುಸ್ತಕ ಬರುವುದಕ್ಕೆ ಮೂರ್ನಾಲ್ಕು ವಾರ ಇರುವಾಗ ಒಂದು ಕಡೇ ಗಡುವು ಬರುತ್ತದೆ, ಅದಕ್ಕೆ ಫೈನಲ್ ಆರ್ಡರ್ ಕಟಾಫ್ ಎನ್ನುತ್ತಾರೆ, ಚಿಕ್ಕದಾಗಿ ಎಫ್‌ಓಸಿ. ಅಲ್ಲಿಯವರೆಗೆ ಸಂಖ್ಯೆ ಹೆಚ್ಚುಕಡಿಮೆ ಮಾಡಬಹುದು, ಆಮೇಲೆ ಇಲ್ಲ. ಅದನ್ನೆಲ್ಲ ಕೂಡಿಸಿಯೇ ಎಷ್ಟು ಪ್ರತಿ ಅಚ್ಚು ಹಾಕಬೇಕು ಅಂತ ತೀರ್ಮಾನ ಆಗುತ್ತದೆ. ಅಂದರೆ ಒಬ್ಬ ಓದುಗ ಕೂಡ ಒಂದು ಪುಟ ತಿರುವುವ ಮೊದಲೇ, ಪುಸ್ತಕ ಎಷ್ಟು ಮಾರಾಟ ಆಯಿತು ಅಂತ ಪ್ರಕಾಶಕರಿಗೆ ಗೊತ್ತು.

ಇದರಲ್ಲಿ ಮುಖ್ಯವಾದ ಮಾತು ಒಂದಿದೆ: ಅಂಗಡಿಯವರು ಮಾರಾಟವಾಗದ ಪ್ರತಿಗಳನ್ನು ಸಾಮಾನ್ಯವಾಗಿ ವಾಪಸ್ ಕೊಡುವ ಹಾಗಿಲ್ಲ.

ಹಿಂದೆ ಹೀಗಿರಲಿಲ್ಲ. ಮೊದಲೆಲ್ಲ ಕಾಮಿಕ್ಸ್ ಮಾರುತ್ತಿದ್ದದ್ದು ಪತ್ರಿಕೆ ಅಂಗಡಿಗಳಲ್ಲಿ, ಔಷಧಿ ಅಂಗಡಿಗಳಲ್ಲಿ, ನಮ್ಮ ಬಸ್ ಸ್ಟ್ಯಾಂಡಿನ ಪುಸ್ತಕದ ಅಂಗಡಿಗಳ ಹಾಗೆ. ಉಳಿದದ್ದನ್ನು ಮುಖಪುಟ ಕಿತ್ತು ವಾಪಸ್ ಕಳಿಸಿದರೆ ದುಡ್ಡು ಬರುತ್ತಿತ್ತು. 1970ರ ದಶಕದ ಮೊದಲ ವರ್ಷಗಳಲ್ಲಿ ಬ್ರೂಕ್ಲಿನ್‌ನ ಶಾಲಾ ಶಿಕ್ಷಕ ಫಿಲ್ ಸ್ಯೂಲಿಂಗ್ ಒಂದು ಹೊಸ ಒಪ್ಪಂದ ಮಾಡಿಕೊಂಡರು. ನ್ಯೂಯಾರ್ಕ್‌ನಲ್ಲಿ ಕಾಮಿಕ್ಸ್ ಸಮ್ಮೇಳನ ನಡೆಸುತ್ತಿದ್ದ ಮನುಷ್ಯ ಅವರು. ಪ್ರಕಾಶಕರ ಹತ್ತಿರ ಹೋಗಿ, ನಮಗೆ ಹೆಚ್ಚು ರಿಯಾಯಿತಿ ಕೊಡಿ, ನಾವು ಒಂದೂ ವಾಪಸ್ ಕೊಡೋದಿಲ್ಲ ಎಂದರು. ಪ್ರಕಾಶಕರಿಗೆ ಇದಕ್ಕಿಂತ ಬೇರೆ ಏನು ಬೇಕು? ಇದೇ ಡೈರೆಕ್ಟ್ ಮಾರ್ಕೆಟ್ ಎಂಬ ವ್ಯವಸ್ಥೆಯಾಗಿ ಬೆಳೆದು, ಬರೀ ಕಾಮಿಕ್ಸ್ ಮಾರುವ ಅಂಗಡಿಗಳು ಹುಟ್ಟಿದವು. ಓದುಗರಿಗೆ ಬೇಕಾದ ಸಂಚಿಕೆ ತಪ್ಪದೆ ಸಿಗುವಂತಾಯಿತು. ಆದರೆ ನಷ್ಟದ ಭಾರ ಪೂರ್ತಿಯಾಗಿ ಅಂಗಡಿಯವರ ತಲೆ ಮೇಲೆ ಬಂತು.

ಲೆಕ್ಕ ಹಾಕಿ ನೋಡಿ. ಒಂದು ಸಂಚಿಕೆಗೆ ಈಗ ಸಾಮಾನ್ಯವಾಗಿ 3.99 ಅಥವಾ 4.99 ಡಾಲರ್. ಅಂಗಡಿಗೆ ಅದು ಅರ್ಧ ಬೆಲೆಗೆ ಸಿಕ್ಕಿತು ಎಂದಿಟ್ಟುಕೊಳ್ಳೋಣ. 20 ಪ್ರತಿ ತರಿಸಿ 10 ಮಾರಿದರೆ ಹಾಕಿದ ದುಡ್ಡು ಅಷ್ಟೇ ವಾಪಸ್ ಬಂತು, ಬಾಡಿಗೆಗೆ ಏನೂ ಇಲ್ಲ, ಉಳಿದ 10 ಪ್ರತಿ ಡಬ್ಬಕ್ಕೆ. ಹೀಗಿರುವಾಗ ಅಂಗಡಿಯವರು ಯಾವುದಕ್ಕೆ ಧೈರ್ಯ ಮಾಡುತ್ತಾರೆ? ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್, ಎಕ್ಸ್‌ಮೆನ್. ಹೊಸ ಹೆಸರಿನ ಹೊಸ ನಾಯಕಿಗೆ ಎರಡೇ ಪ್ರತಿ ಹೇಳುತ್ತಾರೆ, ಅದನ್ನೂ ಯಾರೋ ಮೊದಲೇ ಕೇಳಿಟ್ಟಿದ್ದರೆ. ಎರಡು ಪ್ರತಿ ಮೊದಲ ದಿನವೇ ಖಾಲಿ ಆದರೂ ಮೂರನೆಯವನಿಗೆ ಸಿಗುವುದಿಲ್ಲ. ಮೊದಲ ಸಂಚಿಕೆ ಅಂಗಡಿಗೆ ಬರುವಷ್ಟರಲ್ಲಿ ಎರಡನೆಯ, ಮೂರನೆಯ ಸಂಚಿಕೆಗಳ ಆರ್ಡರ್ ಕೂಡ ಪ್ರಕಾಶಕರ ಕೈ ಸೇರಿರುತ್ತದೆ. ಅದು ಕಡಿಮೆ ಇದ್ದರೆ, ಜನ ಓದಿ ಮೆಚ್ಚಿಕೊಳ್ಳುವ ಮೊದಲೇ ಆ ಪುಸ್ತಕವನ್ನು ನಿಲ್ಲಿಸುವ ಮಾತು ಶುರುವಾಗಿರುತ್ತದೆ.

ಹಾಗಾಗಿ ಇಲ್ಲಿ ಓದುಗರ ಕೈಯಲ್ಲಿರುವ ದೊಡ್ಡ ಅಸ್ತ್ರ ಪುಲ್ ಲಿಸ್ಟ್. ಅಂಗಡಿಯಲ್ಲಿ ನಿಮ್ಮ ಹೆಸರಲ್ಲಿ ಒಂದು ಪಟ್ಟಿ ಇಡುತ್ತಾರೆ, ನೀವು ಹೇಳಿದ ಪುಸ್ತಕ ಬಂದಾಗೆಲ್ಲ ಒಂದು ಪ್ರತಿ ತೆಗೆದಿಡುತ್ತಾರೆ. ಊರಿನಲ್ಲಿ ಪೇಪರ್ ಅಂಗಡಿಯವರಿಗೆ ಸುಧಾ, ತರಂಗ ಎತ್ತಿಡಿ ಅಂತ ಅಪ್ಪ ಹೇಳಿಡುತ್ತಿದ್ದರಲ್ಲ, ಅದೇ. ವ್ಯತ್ಯಾಸ ಅಂದರೆ ಇಲ್ಲಿ ಆ ಒಂದು ಹೆಸರು ನಿಜವಾಗಲೂ ಒಂದು ಮತ. ಇದನ್ನು ತಿಳಿದ ಬರಹಗಾರರೇ, ದಯವಿಟ್ಟು ಗಡುವಿನ ಮೊದಲು ನಿಮ್ಮ ಅಂಗಡಿಗೆ ಹೇಳಿ ಅಂತ ಸಾಮಾಜಿಕ ಜಾಲತಾಣಗಳಲ್ಲಿ ಬೇಡಿಕೊಳ್ಳುವುದನ್ನು ನೋಡಬಹುದು. ಒಬ್ಬ ಲೇಖಕ ತನ್ನ ಪುಸ್ತಕವನ್ನು ಓದಿ ಅನ್ನುವ ಬದಲು, ಓದುವ ಮೊದಲೇ ಕೊಳ್ಳಿ ಅಂತ ಕೇಳುವ ಪರಿಸ್ಥಿತಿ ಇದು. ನಮಗಂತೂ ಇದು ಸ್ವಲ್ಪ ಕ್ರೂರ ಅನ್ನಿಸುತ್ತದೆ.

ಮತವನ್ನೇ ನೇರವಾಗಿ ಮಾರಿದ ಕಥೆಯೂ ಇದೆ. 1988ರಲ್ಲಿ ಬ್ಯಾಟ್‌ಮ್ಯಾನ್‌ನ ಜೊತೆಗಾರ ರಾಬಿನ್ ಆಗಿದ್ದವನು ಜೇಸನ್ ಟಾಡ್ ಎಂಬ ಹುಡುಗ. ಮೊದಲ ರಾಬಿನ್ ಡಿಕ್ ಗ್ರೇಸನ್‌ನಷ್ಟು ಇವನು ಓದುಗರಿಗೆ ಇಷ್ಟವಾಗಿರಲಿಲ್ಲ, ಒರಟ, ಕೋಪಿಷ್ಠ. ಸಂಪಾದಕ ಡೆನ್ನಿ ಓನೀಲ್ ಅವರ ಕಾಲದಲ್ಲಿ ಡಿಸಿಯವರು ಒಂದು ಕೆಲಸ ಮಾಡಿದರು. ಬ್ಯಾಟ್‌ಮ್ಯಾನ್ 427ನೆಯ ಸಂಚಿಕೆಯ ಕೊನೆಯಲ್ಲಿ ಜೋಕರ್ ಇಟ್ಟ ಬಾಂಬ್ ಸಿಡಿಯುತ್ತದೆ. ಪಕ್ಕದಲ್ಲಿ ಎರಡು ಫೋನ್ ನಂಬರ್: ಒಂದು ಹುಡುಗ ಬದುಕಬೇಕು ಎನ್ನುವವರಿಗೆ, ಇನ್ನೊಂದು ಸಾಯಬೇಕು ಎನ್ನುವವರಿಗೆ. ಒಂದು ಕರೆಗೆ 50 ಸೆಂಟ್, 36 ಗಂಟೆ ಸಮಯ. ಬದುಕಲಿ ಎಂದವರು 5,271. ಸಾಯಲಿ ಎಂದವರು 5,343. 72 ಮತಗಳ ಅಂತರದಲ್ಲಿ ಹುಡುಗ ಸತ್ತ. ಒಬ್ಬರೇ ಕೂತು ಮತ್ತೆ ಮತ್ತೆ ಕರೆ ಮಾಡಿರಬಹುದು ಎಂಬ ಮಾತು ಆಮೇಲೆ ಬಹಳ ಕಾಲ ಓಡಾಡಿತು. 72 ಕರೆ ಅಂದರೆ 36 ಡಾಲರ್, ಅಷ್ಟೇ!

ಕಲಾವಿದ ಜಿಮ್ ಅಪಾರೊ ಎರಡೂ ಅಂತ್ಯಕ್ಕೆ ಬೇಕಾದ ಪುಟಗಳನ್ನು ಬರೆದಿಟ್ಟಿದ್ದರು. ಬದುಕುವ ಅಂತ್ಯ ಕಪಾಟು ಸೇರಿತು. ಆ ಮೇಲೆ ಡಿಸಿಯವರ ಮೇಲೆ ಬಂದ ಟೀಕೆಯೂ ಸಣ್ಣದಲ್ಲ, ಮಗುವಿನ ಸಾವನ್ನು ಫೋನಿನಲ್ಲಿ ಹರಾಜು ಹಾಕಿದರು ಎಂದು ಜನ ಬೈದರು. ನಮಗೆ ಇಲ್ಲಿ ಕಾಣುವ ತಮಾಷೆ ಅಂದರೆ, ಮುಂದೆ ಇಡೀ ಉದ್ಯಮ ಮಾಡಿದ್ದೂ ಇದನ್ನೇ, ಫೋನ್ ಇಲ್ಲದೆ.

1992ರ ನವೆಂಬರ್ 18ರಂದು ಸೂಪರ್‌ಮ್ಯಾನ್ 75ನೆಯ ಸಂಚಿಕೆ ಬಂತು, ಅದರಲ್ಲಿ ಸೂಪರ್‌ಮ್ಯಾನ್ ಸಾಯುತ್ತಾನೆ. ಈ ಸಾವು ಸುದ್ದಿಪತ್ರಿಕೆಗಳಲ್ಲಿ ತಿಂಗಳುಗಳ ಮೊದಲೇ ಬಂದಿತ್ತು. ಕಾಮಿಕ್ಸ್ ಓದದವರೂ ಅಂಗಡಿ ಮುಂದೆ ಸಾಲು ನಿಂತರು. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ, ರಕ್ತ ಸೋರುವ ಎಸ್ ಚಿಹ್ನೆಯ ಪ್ರತಿಯನ್ನು ತೆರೆಯದೇ ಇಟ್ಟರೆ ಮುಂದೆ ಚಿನ್ನದ ಬೆಲೆ ಬರುತ್ತದೆ ಎಂಬ ನಂಬಿಕೆ. ಲಕ್ಷಗಟ್ಟಲೆ ಜನ ಹಾಗೇ ಇಟ್ಟುಕೊಂಡರೆ ಯಾವುದು ಅಪರೂಪ? ಮುಂದಿನ ವರ್ಷ ಅವನು ಎದ್ದು ಬಂದ. ಅದಕ್ಕೂ ಮುಂಚೆ ಅಂಗಡಿಗಳು ಇದೇ ಅಮಲಿನಲ್ಲಿ ಮುಂದಿನ ಸಂಚಿಕೆಗಳಿಗೆ ರಾಶಿರಾಶಿ ಆರ್ಡರ್ ಕೊಟ್ಟಿದ್ದವು, ಅವು ಮಾರಾಟ ಆಗಲಿಲ್ಲ, ವಾಪಸ್ ಕೊಡುವಂತಿಲ್ಲ. 1990ರ ದಶಕದ ನಡುವೆ ಬಹಳಷ್ಟು ಅಂಗಡಿಗಳು ಬಾಗಿಲು ಹಾಕಿದವು, 1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಸಾಲ, ಮಾಲೀಕರ ಕಿತ್ತಾಟ ಎಲ್ಲ. ಆದರೆ ಓದದೆ ಕೊಳ್ಳುವವರನ್ನು ನಂಬಿದ್ದು ಒಂದು ದೊಡ್ಡ ಕಾರಣ.

ಆ ಚಾಳಿ ಪೂರ್ತಿ ಹೋಗಿಲ್ಲ. ಒಂದೇ ಸಂಚಿಕೆಗೆ ಐದು, ಹತ್ತು ಬೇರೆ ಬೇರೆ ಮುಖಪುಟ ಹಾಕುವುದು ಈಗಲೂ ಮಾಮೂಲಿ. ಅದಕ್ಕೆ ವೇರಿಯಂಟ್ ಕವರ್ ಅನ್ನುತ್ತಾರೆ. ಕೆಲವನ್ನು, 25 ಪ್ರತಿ ತಗೊಂಡ ಅಂಗಡಿಗೆ ಒಂದು ಎಂಬ ಲೆಕ್ಕದಲ್ಲಿ ಕೊಡುತ್ತಾರೆ. ಆ ಒಂದಕ್ಕೆ ಆಸೆಪಟ್ಟು ಅಂಗಡಿಯವರು ಬೇಡದ ಐದಾರು ಪ್ರತಿ ಹೆಚ್ಚಿಗೆ ತರಿಸುತ್ತಾರೆ. ಸೂಪರ್ ಮಾರ್ಕೆಟ್ಟಿನಲ್ಲಿ ಸೋಪು ತಗೊಂಡರೆ ಬಕೆಟ್ ಫ್ರೀ ಅನ್ನೋ ತರಹ. ಹೀಗಾಗಿ, ಇಷ್ಟು ಲಕ್ಷ ಪ್ರತಿ ಮಾರಾಟ ಎಂಬ ಸುದ್ದಿ ಓದಿದಾಗ, ಮಾರಾಟ ಆಗಿದ್ದು ಅಂಗಡಿಗೆ, ಓದುಗರಿಗೆ ಅಲ್ಲ ಅನ್ನೋದನ್ನು ನೆನಪಿಟ್ಟುಕೊಳ್ಳಿ.

ಅಭಿಮಾನಿಗಳ ಸಿಟ್ಟು ಯಾವಾಗ ನ್ಯಾಯ, ಯಾವಾಗ ಅತಿ ಅಂತ ನಮ್ಮ ನಮ್ಮಲ್ಲೇ ಒಮ್ಮತ ಇಲ್ಲ. 2016ರ ಮೇ 25ರಂದು ಬಂದ ಕ್ಯಾಪ್ಟನ್ ಅಮೆರಿಕ: ಸ್ಟೀವ್ ರೋಜರ್ಸ್ ಮೊದಲ ಸಂಚಿಕೆಯನ್ನೇ ನೋಡಿ. ನಿಕ್ ಸ್ಪೆನ್ಸರ್ ಬರೆದದ್ದು. ಕೊನೆಯ ಪುಟದಲ್ಲಿ ಕ್ಯಾಪ್ಟನ್ ಅಮೆರಿಕ ತಾನು ಹೈಡ್ರಾ ಸಂಘಟನೆಯವನು ಎಂದು ತೋರಿಸಿಕೊಳ್ಳುತ್ತಾನೆ. ಪುಸ್ತಕ ಅಂಗಡಿ ತಲುಪಿದ ಬೆಳಿಗ್ಗೆಯೇ ಆ ಒಂದು ಪುಟ ದೇಶದ ತುಂಬ ಹಬ್ಬಿತ್ತು. ಲೇಖಕರಿಗೆ ಕೊಲೆ ಬೆದರಿಕೆಗಳು ಬಂದವು. ಮುಂದಿನ ಸಂಚಿಕೆಯಲ್ಲಿ, ಅಂದರೆ ಸುಮಾರು ಐದು ವಾರದ ನಂತರ, ಅವನ ನೆನಪು ಮತ್ತು ಹಿಂದಿನ ಬದುಕನ್ನೇ ಒಂದು ಮಾಯಾಶಕ್ತಿ ತಿದ್ದಿದೆ ಅಂತ ಗೊತ್ತಾಯಿತು. ಕಥೆ ಮುಗಿಯುವ ಮೊದಲೇ ತೀರ್ಪು ಕೊಟ್ಟರು ಎಂದು ಹೇಳುವುದು ಸುಲಭ, ಬೆದರಿಕೆ ಹಾಕಿದವರಿಗಂತೂ ಯಾವ ಕ್ಷಮೆಯೂ ಇಲ್ಲ. ಆದರೆ ನೊಂದವರಲ್ಲಿ ಯಹೂದಿ ಓದುಗರು ಬಹಳ ಇದ್ದರು, ಅವರ ಮಾತು ಬೇರೆ. ಈ ಪಾತ್ರವನ್ನು ಹುಟ್ಟಿಸಿದ ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಇಬ್ಬರೂ ಯಹೂದಿಗಳು. 1941ರ ಮಾರ್ಚ್ ಎಂದು ಮುಖಪುಟದಲ್ಲಿ ತಾರೀಕು ಇದ್ದ ಮೊದಲ ಸಂಚಿಕೆಯಲ್ಲೇ ಅವನು ಹಿಟ್ಲರ್‌ನ ದವಡೆಗೆ ಗುದ್ದುತ್ತಾನೆ, ಅಮೆರಿಕ ಇನ್ನೂ ಯುದ್ಧಕ್ಕೆ ಇಳಿಯದೇ ಇದ್ದ ಕಾಲದಲ್ಲಿ. ಹೈಡ್ರಾ ಎಂಬುದು ಕಥೆಯಲ್ಲಿ ನಾಜಿಗಳ ಜೊತೆ ಬೆಳೆದ ಗುಂಪು. ಕಥೆ ಎಲ್ಲಿಗೆ ಹೋಗುತ್ತದೆ ಅನ್ನೋದಕ್ಕಿಂತ, ಆ ಮುಖಕ್ಕೆ ಆ ಮಾತು ಕೊಟ್ಟು ಮಾರಾಟಕ್ಕೆ ಇಟ್ಟರಲ್ಲ ಎಂಬುದೇ ಅವರ ನೋವು.

ಇನ್ನು ನಮಗೆ ಹತ್ತಿರವಾದ ಒಬ್ಬಳ ವಿಷಯಕ್ಕೆ ಬರೋಣ. ಕಮಲಾ ಖಾನ್. ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ ಬೆಳೆದ ಪಾಕಿಸ್ತಾನಿ ಮೂಲದ ಹುಡುಗಿ, ಸೂಪರ್‌ಹೀರೋ ಹೆಸರು ಮಿಸ್ ಮಾರ್ವೆಲ್. ಸಂಪಾದಕಿ ಸನಾ ಅಮಾನತ್, ಬರಹಗಾರ್ತಿ ಜಿ. ವಿಲ್ಲೋ ವಿಲ್ಸನ್, ಕಲಾವಿದ ಏಡ್ರಿಯನ್ ಅಲ್ಫೋನಾ ಮುಂತಾದವರು ಸೇರಿ ರೂಪಿಸಿದ ಪಾತ್ರ. 2014ರ ಫೆಬ್ರವರಿಯಲ್ಲಿ ಅವಳದೇ ಪುಸ್ತಕ ಶುರುವಾಯಿತು. ಮೊದಲ ಸಂಚಿಕೆ ತೆರೆಯುವುದೇ ಹೇಗೆ ಗೊತ್ತಾ? ಅವಳು ಅಂಗಡಿಯಲ್ಲಿ ನಿಂತು, ತಾನು ತಿನ್ನಬಾರದ ಹಂದಿಮಾಂಸದ ಸ್ಯಾಂಡ್‌ವಿಚ್‌ನ ವಾಸನೆ ಮಾತ್ರ ನೋಡುತ್ತಿರುತ್ತಾಳೆ. ಡಾರ್ಮ್ ಊಟದ ಹಾಲ್‌ನಲ್ಲಿ ಇದರಲ್ಲಿ ಮೊಟ್ಟೆ ಇದೆಯಾ, ಅದರಲ್ಲಿ ಏನಿದೆ ಅಂತ ಲೇಬಲ್ ಓದುತ್ತಾ ನಿಂತ ನಮ್ಮಲ್ಲಿ ಅರ್ಧ ಜನಕ್ಕೆ ಆ ಪುಟ ನೋಡಿ ನಗು ಬರದೆ ಇರಲಿಲ್ಲ. ಧರ್ಮ ಬೇರೆ, ದೇಶ ಬೇರೆ, ಆದರೆ ರಾತ್ರಿ ಪಾರ್ಟಿಗೆ ಹೋಗಬೇಡ ಅನ್ನುವ ಅಪ್ಪ, ಹೆಸರು ಸರಿಯಾಗಿ ಹೇಳದ ಸಹಪಾಠಿ, ಇವೆಲ್ಲ ಒಂದೇ.

ಆ ಪುಸ್ತಕ ಹಲವು ಸಲ ಮರುಮುದ್ರಣ ಕಂಡಿತು, ಮೊದಲ ಸಂಪುಟಕ್ಕೆ 2015ರಲ್ಲಿ ಹ್ಯೂಗೊ ಪ್ರಶಸ್ತಿ ಬಂತು. ಅದೇ ವರ್ಷ ಸ್ಯಾನ್‌ಫ್ರಾನ್ಸಿಸ್ಕೋದ ಬಸ್ಸುಗಳ ಮೇಲೆ ಇಸ್ಲಾಂ ವಿರೋಧಿ ಜಾಹೀರಾತು ಹಚ್ಚಿದಾಗ, ಯಾರೋ ರಾತ್ರೋರಾತ್ರಿ ಅದರ ಮೇಲೆ ಕಮಲಾಳ ಚಿತ್ರ ಅಂಟಿಸಿದ್ದರು. ಅವಳ ಓದುಗರಲ್ಲಿ ಬುಧವಾರ ಅಂಗಡಿಗೆ ಹೋಗುವವರಿಗಿಂತ ಬೇರೆ ತರಹದವರೇ ಜಾಸ್ತಿ: ಲೈಬ್ರರಿಯಿಂದ ತಂದು ಓದುವ ಹೈಸ್ಕೂಲ್ ಮಕ್ಕಳು, ಐದಾರು ಸಂಚಿಕೆ ಸೇರಿಸಿ ಹೊಲಿದ ಸಂಪುಟವನ್ನು ಪುಸ್ತಕದಂಗಡಿಯಲ್ಲಿ ಕೊಳ್ಳುವವರು. ಮೇಲೆ ಹೇಳಿದ ಮತದ ಲೆಕ್ಕದಲ್ಲಿ ಇವರು ಯಾರೂ ಹೊತ್ತಿಗೆ ಸರಿಯಾಗಿ ಎಣಿಕೆಗೆ ಬರುವುದಿಲ್ಲ. ಸಂಪುಟ ಬರುವುದೇ ಬಿಡಿ ಸಂಚಿಕೆಗಳ ಹಣೆಬರಹ ತೀರ್ಮಾನ ಆದ ಮೇಲೆ.

2023ರಲ್ಲಿ ಅಮೇಜಿಂಗ್ ಸ್ಪೈಡರ್‌ಮ್ಯಾನ್ 26ನೆಯ ಸಂಚಿಕೆಗೆ ಮಾರ್ವೆಲ್ ಜಾಹೀರಾತು ಶುರು ಮಾಡಿತು. ಐವತ್ತು ವರ್ಷದಲ್ಲೇ ಅತಿ ದೊಡ್ಡ ಆಘಾತ ಎಂಬರ್ಥದ ಮಾತು. 1973ರಲ್ಲಿ ಇದೇ ಪುಸ್ತಕದಲ್ಲಿ ಗ್ವೆನ್ ಸ್ಟೇಸಿ ಸತ್ತದ್ದನ್ನು ನೆನಪಿಸುವ ಲೆಕ್ಕ ಅದು. ಎಲ್ಲರೂ ಮೇರಿ ಜೇನ್ ಸಾಯುತ್ತಾಳೆ ಅಂದುಕೊಂಡರು. ಬಿಡುಗಡೆಗೆ ಎರಡು ವಾರ ಇರುವಾಗ ಗುಟ್ಟು ಸೋರಿತು, ಮಾರ್ವೆಲ್ ಕೂಡ ಒಪ್ಪಿಕೊಂಡಿತು: ಸಾಯುವವಳು ಕಮಲಾ ಖಾನ್. ಮೇ 31ರಂದು ಪುಸ್ತಕ ಬಂದಾಗ ನೋಡಿದರೆ, ಅವಳು ಸತ್ತದ್ದು ಮೇರಿ ಜೇನ್‌ಳ ರೂಪ ಹಾಕಿಕೊಂಡು, ಅವಳ ಬದಲಿಗೆ. ಇನ್ನೊಬ್ಬರ ಪುಸ್ತಕದಲ್ಲಿ, ಇನ್ನೊಬ್ಬಳ ಮುಖದಲ್ಲಿ! ಅದಕ್ಕೂ ಹಿಂದಿನ ಸಂಚಿಕೆಗಳಲ್ಲಿ ಅವಳು ಅಲ್ಲೊಂದು ಇಲ್ಲೊಂದು ಪುಟದಲ್ಲಿ ಬಂದು ಹೋಗುತ್ತಿದ್ದಳು, ಅಷ್ಟೇ.

ಈ ಸಲ ಎದ್ದ ಸಿಟ್ಟನ್ನು ಅವಸರ ಅಂತ ನಾವು ಕರೆಯಲಾರೆವು. ಸೂಪರ್‌ಹೀರೋ ಸತ್ತವರು ವಾಪಸ್ ಬರುತ್ತಾರೆ ಅಂತ ಮಕ್ಕಳಿಗೂ ಗೊತ್ತು. ಜೇಸನ್ ಟಾಡ್ ಕೂಡ 2005ರ ಹೊತ್ತಿಗೆ ಎದ್ದು ಬಂದ. ಓದುಗರು ಕೇಳಿದ್ದು ಬೇರೆ: ಅವಳ ಸಾವು ಯಾರ ಕಥೆಗಾಗಿ? ಸ್ಪೈಡರ್‌ಮ್ಯಾನ್ ಅಳುವುದಕ್ಕೆ ಒಂದು ಕಾರಣ ಬೇಕಿತ್ತು, ಅದಕ್ಕೆ ಇವಳನ್ನು ಬಳಸಿದರು ಎಂಬುದು ಆಕ್ಷೇಪ. ಜುಲೈ 12ಕ್ಕೆ ಶೋಕದ ವಿಶೇಷ ಸಂಚಿಕೆ ಬಂತು. ಜುಲೈ 26ಕ್ಕೆ ಎಕ್ಸ್‌ಮೆನ್ ಪುಸ್ತಕದಲ್ಲಿ ಅವಳು ಜೀವಂತ! ತಿಥಿ ಊಟ ಅರಗುವ ಮೊದಲೇ ವಾಪಸ್. ಬಂದವಳು ಈಗ ಮ್ಯುಟೆಂಟ್, ಅಂದರೆ ಎಕ್ಸ್‌ಮೆನ್ ಕುಲದವಳು. 2022ರ ಟಿವಿ ಸರಣಿಯ ಕೊನೆಯಲ್ಲಿ ಅವಳನ್ನು ಹಾಗೆ ಸೂಚಿಸಿದ್ದರು, ನವೆಂಬರ್‌ನಲ್ಲಿ ದಿ ಮಾರ್ವೆಲ್ಸ್ ಸಿನಿಮಾ ಬರುವುದಿತ್ತು. ಪರದೆಗೂ ಪುಸ್ತಕಕ್ಕೂ ತಾಳೆ ಹಾಕುವುದಕ್ಕೆ ಕೊಂದು ಎಬ್ಬಿಸಿದರು ಎಂದು ಹಲವರು ಓದಿಕೊಂಡರು. ನಮಗೂ ಅದೇ ಅನ್ನಿಸುತ್ತದೆ. ಆದರೂ ಆಗಸ್ಟ್‌ನಲ್ಲಿ ಶುರುವಾದ ಅವಳ ಹೊಸ ಪುಸ್ತಕವನ್ನು ಸಾಬಿರ್ ಪೀರ್‌ಜಾದಾ ಜೊತೆ ಬರೆದವರು ಟಿವಿಯಲ್ಲಿ ಅವಳ ಪಾತ್ರ ಮಾಡಿದ ಇಮಾನ್ ವೆಲ್ಲಾನಿ. ಚಿಕ್ಕಂದಿನಿಂದ ಈ ಪುಸ್ತಕಗಳನ್ನೇ ಓದಿ ಬೆಳೆದ ಹುಡುಗಿ. ಅದೊಂದು ಸಮಾಧಾನ.

ಇದನ್ನು ನಮ್ಮ ಕಥೆಗಳ ಪಕ್ಕ ಇಟ್ಟು ನೋಡಿದರೆ ಒಂದು ಕುತೂಹಲ ಕಾಣುತ್ತದೆ. ಕರಾವಳಿಯಲ್ಲಿ ಯಕ್ಷಗಾನ ನೋಡಲು ಕೂತವರಿಗೆ ಅಭಿಮನ್ಯು ಚಕ್ರವ್ಯೂಹದಿಂದ ಹೊರಗೆ ಬರುವುದಿಲ್ಲ ಅಂತ ಮೊದಲೇ ಗೊತ್ತು. ಗೊತ್ತಿದ್ದೇ ಬೆಳಗಿನವರೆಗೆ ಕೂರುತ್ತಾರೆ, ವೇಷಧಾರಿ ಹೇಗೆ ಕುಣಿದ, ಭಾಗವತರು ಹೇಗೆ ಹಾಡಿದರು ಅಂತ ಚರ್ಚೆ ಮಾಡುತ್ತಾರೆ. ಯಾರೂ ಮುಂದಿನ ವಾರ ಅಭಿಮನ್ಯುವನ್ನು ಎಬ್ಬಿಸಿ ಹೊಸ ಪ್ರಸಂಗಕ್ಕೆ ಮುಂಗಡ ಟಿಕೆಟ್ ಮಾರುವುದಿಲ್ಲ. ಇಲ್ಲಿ ಕಥೆಗೆ ಅಂತ್ಯ ಅನ್ನೋದೇ ಇಲ್ಲ, ಎಂಟು ದಶಕದಿಂದ ಅದೇ ಬ್ಯಾಟ್‌ಮ್ಯಾನ್. ಅಂತ್ಯವಿಲ್ಲದ ಕಥೆಯನ್ನು ತಿಂಗಳು ತಿಂಗಳು ಮಾರಬೇಕಾದರೆ ಅಂತ್ಯದ ಬೆದರಿಕೆಯನ್ನೇ ಮಾರಬೇಕಾಗುತ್ತದೆ.

ಓದುಗರ ಸಿಟ್ಟು ಯಾವತ್ತೂ ವ್ಯರ್ಥ ಅಂತಲೂ ಅಲ್ಲ, ಆದರೆ ಅದು ಕೆಲಸ ಮಾಡುವುದಕ್ಕೆ ಬಹಳ ವರ್ಷ ಹಿಡಿಯುತ್ತದೆ. ಪೀಟರ್ ಪಾರ್ಕರ್ ಮತ್ತು ಮೇರಿ ಜೇನ್ 1987ರಲ್ಲಿ ಮದುವೆಯಾದರು. 2007ರ ಕೊನೆಗೆ ಒನ್ ಮೋರ್ ಡೇ ಎಂಬ ಕಥೆಯಲ್ಲಿ, ಗುಂಡೇಟು ತಿಂದ ಆಂಟಿ ಮೇಯನ್ನು ಉಳಿಸಲು ಮೆಫಿಸ್ಟೊ ಎಂಬ ಸೈತಾನನ ಜೊತೆ ಒಪ್ಪಂದ ಮಾಡಿಕೊಂಡು ಆ ಮದುವೆಯನ್ನೇ ಅಳಿಸಿ ಹಾಕಿದರು. ಮದುವೆಯಾದ ಸ್ಪೈಡರ್‌ಮ್ಯಾನ್ ಮುದುಕನ ಹಾಗೆ ಕಾಣುತ್ತಾನೆ ಎಂಬುದು ಆಗಿನ ಪ್ರಧಾನ ಸಂಪಾದಕ ಜೋ ಕೆಸಾಡ ಅವರ ವಾದ. ಕಥೆ ಬರೆದ ಜೆ. ಮೈಕಲ್ ಸ್ಟ್ರಾಜಿನ್ಸ್ಕಿ ಅವರೇ ತಮ್ಮ ಹೆಸರು ತೆಗೆಯಬೇಕೆಂದು ಯೋಚಿಸಿದ್ದರು. ಹದಿನಾರು ವರ್ಷ ಓದುಗರು ಇದನ್ನು ಮರೆಯಲಿಲ್ಲ. 2024ರ ಜನವರಿಯಲ್ಲಿ ಜೊನಾಥನ್ ಹಿಕ್‌ಮನ್ ಮತ್ತು ಮಾರ್ಕೊ ಕೆಕೆಟ್ಟೊ ಅವರ ಅಲ್ಟಿಮೇಟ್ ಸ್ಪೈಡರ್‌ಮ್ಯಾನ್ ಬಂತು, ಬೇರೊಂದು ಲೋಕದ ಪೀಟರ್. ಇವನಿಗೆ ಹೆಂಡತಿ ಮೇರಿ ಜೇನ್, ಇಬ್ಬರು ಮಕ್ಕಳು, ಗಡ್ಡ ಬೇರೆ! ಅಂಗಡಿಗಳಲ್ಲಿ ಖಾಲಿಯಾಗಿ ಮತ್ತೆ ಮತ್ತೆ ಅಚ್ಚಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಡಿಸಿಯವರ ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್ ಕೂಡ ಹಾಗೇ ಮಾಡಿತು. ಸ್ಕಾಟ್ ಸ್ನೈಡರ್ ಬರಹ, ನಿಕ್ ಡ್ರಗೊಟ್ಟಾ ಚಿತ್ರ, ಬಂಗಲೆ ಬಟ್ಲರ್ ಏನೂ ಇಲ್ಲದ, ಸಾಮಾನ್ಯ ದುಡಿಯುವ ಮನೆತನದ ಬ್ಯಾಟ್‌ಮ್ಯಾನ್. ಮೊದಲ ಚಿತ್ರ ಹೊರಬಿದ್ದಾಗ ಅವನ ಎತ್ತಿನಂಥ ಭುಜ ನೋಡಿ ನಕ್ಕವರೇ ಹೆಚ್ಚು. ಆಮೇಲೆ ಅವರೂ ಪ್ರತಿಗಾಗಿ ಅಲೆದರು.

ಮರುಮುದ್ರಣ ಅನ್ನುವುದು ಇಲ್ಲಿ ಬಹಳ ಒಳ್ಳೆಯ ಸುದ್ದಿ, ಏಕೆಂದರೆ ಅದೊಂದೇ ಪುಸ್ತಕ ಬಂದ ಮೇಲೆ ಓದಿದವರು ಹಾಕಿದ ಮತ.

ಮುಂದೆ ಹೇಗೆ ಎಂಬುದು ಸ್ವಲ್ಪ ಗೊಂದಲದಲ್ಲಿದೆ. ಹಲವು ದಶಕ ಬಹುತೇಕ ಎಲ್ಲ ಅಂಗಡಿಗಳಿಗೂ ಪುಸ್ತಕ ತಲುಪಿಸುತ್ತಿದ್ದದ್ದು ಡೈಮಂಡ್ ಎಂಬ ಒಂದೇ ವಿತರಣಾ ಸಂಸ್ಥೆ. ಕೋವಿಡ್ ಸಮಯದಲ್ಲಿ, 2020ರ ಏಪ್ರಿಲ್‌ನಲ್ಲಿ, ಅದು ಹೊಸ ಪುಸ್ತಕ ಕಳಿಸುವುದನ್ನೇ ನಿಲ್ಲಿಸಿತು. ಬುಧವಾರ ಬಂತು, ಪುಸ್ತಕ ಬರಲಿಲ್ಲ. ಆ ವರ್ಷವೇ ಡಿಸಿ ಬೇರೆಯಾಯಿತು, 2021ರಲ್ಲಿ ಮಾರ್ವೆಲ್ ಪೆಂಗ್ವಿನ್ ರಾಂಡಮ್ ಹೌಸ್ ಕಡೆಗೆ ಹೋಯಿತು. 2025ರ ಜನವರಿಯಲ್ಲಿ ಡೈಮಂಡ್ ದಿವಾಳಿ ಅರ್ಜಿ ಹಾಕಿತು, ಎಷ್ಟೋ ಸಣ್ಣ ಪ್ರಕಾಶಕರ ಬಾಕಿ ಹಣ ಅದರೊಳಗೆ ಸಿಕ್ಕಿಬಿತ್ತು. ಈಗ ಒಂದು ಅಂಗಡಿ ಎರಡು ಮೂರು ಕಡೆ ಖಾತೆ ಇಟ್ಟು, ಬೇರೆ ಬೇರೆ ಗಡುವು ನೋಡಿಕೊಂಡು ಆರ್ಡರ್ ಕೊಡಬೇಕು. ದೊಡ್ಡವರಿಗೆ ಇದರಿಂದ ಅಷ್ಟು ತೊಂದರೆ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್ ಮತ್ತು ಡಿಸಿ ಸೇರಿ ಡೆಡ್‌ಪೂಲ್ ಮತ್ತು ಬ್ಯಾಟ್‌ಮ್ಯಾನ್‌ರನ್ನು ಒಂದೇ ಪುಸ್ತಕದಲ್ಲಿ ತಂದಾಗ ಅಂಗಡಿಗಳು ತುಂಬಿದ್ದವು. ಏಟು ಬೀಳುವುದು ಎರಡೇ ಪ್ರತಿ ತರಿಸುತ್ತಿದ್ದ ಪುಸ್ತಕಗಳಿಗೆ.

ಹಾಗಾಗಿ ನಿಮ್ಮಲ್ಲಿ ಯಾರಿಗಾದರೂ ಇಂಥ ಒಂದು ಸಣ್ಣ ಪುಸ್ತಕ ಕಣ್ಣಿಗೆ ಬಿದ್ದರೆ, ಬರುವವರೆಗೆ ಕಾಯಬೇಡಿ. ಪಟ್ಟಿಯಲ್ಲಿ ಹೆಸರು, ಸಂಚಿಕೆ ಸಂಖ್ಯೆ, ಪ್ರಕಾಶಕರು, ದಿನಾಂಕ ಬರೆದುಕೊಂಡು ಒಂದು ತಿಂಗಳ ಮೊದಲೇ ಅಂಗಡಿಗೆ ಹೋಗಿ ಹೇಳಿ. ಪುಲ್ ಲಿಸ್ಟ್ ತೆಗೆಯಲು ಸಾಮಾನ್ಯವಾಗಿ ದುಡ್ಡೇನೂ ಕೇಳುವುದಿಲ್ಲ, ಕೆಲವರು ಸ್ವಲ್ಪ ರಿಯಾಯಿತಿಯನ್ನೂ ಕೊಡುತ್ತಾರೆ. ಹೇಳಿಟ್ಟ ಮೇಲೆ ಹೋಗಿ ತಗೊಳ್ಳಿ, ಇಲ್ಲದಿದ್ದರೆ ಆ ನಷ್ಟ ಅಂಗಡಿಯವರದ್ದೇ. ಸೆಮಿಸ್ಟರ್ ಮುಗಿಸಿ ಊರಿಗೆ ಹೊರಟರೆ ಪಟ್ಟಿ ನಿಲ್ಲಿಸಿ ಅಂತ ಮರೆಯದೆ ತಿಳಿಸಿ.

ಅಂದ ಹಾಗೆ, ಜಿಮ್ ಅಪಾರೊ ಬರೆದಿಟ್ಟಿದ್ದ ರಾಬಿನ್ ಬದುಕುವ ಅಂತ್ಯ ಕಪಾಟಿನಲ್ಲೇ ಉಳಿಯಲಿಲ್ಲ. 2023ರ ಡಿಸೆಂಬರ್‌ನಲ್ಲಿ ಡಿಸಿಯವರು ಅದನ್ನು ಬ್ಯಾಟ್‌ಮ್ಯಾನ್ 428ನೆಯ ಸಂಚಿಕೆಯ ಇನ್ನೊಂದು ರೂಪವಾಗಿ ಅಚ್ಚು ಹಾಕಿದರು. ಬದುಕಲಿ ಎಂದು 50 ಸೆಂಟ್ ಕೊಟ್ಟು ಫೋನ್ ಮಾಡಿದ ಆ 5,271 ಕರೆಗಳವರಿಗೆ, 35 ವರ್ಷ ತಡವಾಗಿ.